ಮಾತ್ರೆ ಕಿಂಡಿಯ ದೊಡ್ಡಮ್ಮನಿಗೆ

ಮಹಡಿಯ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ವಿರಾಜಮಾನರಾಗಿರುವ ಪರಮಪೂಜ್ಯ ದೊಡ್ಡಮ್ಮನವರ ದಿವ್ಯ ಸನ್ನಿಧಿಗೆ,

ಇದೇ ಮನೆಯ ಕೆಳ ಅಂತಸ್ತಿನ ಕಾಯಂ ನಿವಾಸಿಯೂ, ಹಲ್ಲಿನ ಸೆಟ್ಟು ತಯಾರಿಸುವ ಕಸುಬಿನವಳೂ, ಪ್ರಾಯ ಇಪ್ಪತ್ತಮೂರರವಳೂ, ತಮ್ಮ ಬಾಯಿಂದಲೇ ‘ತರಲೆ’ ಎಂಬ ಬಿರುದು ಪಡೆದು ಇಂದಿಗೂ ಅದಕ್ಕೆ ಚ್ಯುತಿ ಬಾರದಂತೆ ನಡೆದುಕೊಂಡು ಬಂದವಳೂ ಆದ ನಾನು ಮಾಡುವ ವಿಜ್ಞಾಪನೆ. ತಾವು ಕದ ಹಾಕಿಕೊಂಡು ಇವತ್ತಿಗೆ ಇಪ್ಪತ್ತಾರು ದಿನ. ತಟ್ಟೆ ಹೊರಗಿಟ್ಟರೆ ಒಳಗೆ ಹೋಗುತ್ತದೆ, ಅರ್ಧ ಖಾಲಿಯಾಗಿ ಹೊರಬರುತ್ತದೆ. ಅಮ್ಮ ಅಂಗಡಿಗೆ ಹೋಗಿ ನಾನು ಮಧ್ಯಾಹ್ನ ಮಲಗಿದಾಗ ತಾವು ಸದ್ದಿಲ್ಲದೆ ಇಳಿದು ಸ್ನಾನ ಮಾಡುವುದೂ, ಹೋಗುವ ಮುನ್ನ ಅಡುಗೆಮನೆಯ ತೊಟ್ಟಿಕ್ಕುವ ನಲ್ಲಿಯನ್ನು ಬಿಗಿ ಮಾಡಿ ಹೋಗುವುದೂ ನಮಗೆ ಗೊತ್ತು. ಬಾಗಿಲು ತಟ್ಟಿದರೆ ಮಾತ್ರ ಉತ್ತರವಿಲ್ಲ. ಆದ್ದರಿಂದ ಒಂದೇ ಸೂರಿನ ಕೆಳಗಿದ್ದು ಪತ್ರವ್ಯವಹಾರ ನಡೆಸಬೇಕಾದ ಪ್ರಸಂಗ ಬಂದಿದೆ. ಅಂಚೆಚೀಟಿ ಹಚ್ಚಿಲ್ಲ. ಬಾಗಿಲ ಸಂದಿಯಿಂದ ತಳ್ಳುತ್ತೇನೆ.

ಇಷ್ಟು ಹೊತ್ತು ‘ತಾವು’ ಅಂದದ್ದಕ್ಕೇ ದವಡೆ ನೋಯುತ್ತಿದೆ. ಇನ್ನು ನೀನು ಎಂದೇ ಬರೆಯುತ್ತೇನೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನೀನು ಕೆಳಗಿಳಿದು ಬೇಕರಿಗೆ ಬರಬೇಕು. ಅಲ್ಲಿ ಒಬ್ಬ ಹೆಂಗಸಿಗೆ ಎರಡು ಮಾತು ಹೇಳಬೇಕು. ನೀನು ಹೇಳಿದರೆ ಅವಳು ತನ್ನ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ನಾನು ಹೇಳಿದರೆ ನಗುತ್ತಾಳೆ. ನಾನು ಹೇಳಿ ನೋಡಿಯಾಗಿದೆ, ಅವಳು ನಕ್ಕೂ ಆಗಿದೆ. ಯಾಕೆ, ಏನು ಎಂಬುದನ್ನು ಮೊದಲಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡದೆ ಹೇಳುತ್ತೇನೆ, ಏಕೆಂದರೆ ಈ ಮನೆಯಲ್ಲಿ ಎಲ್ಲರಿಗೂ ಅಷ್ಟಷ್ಟು ಗೊತ್ತಿದೆ, ಯಾರೂ ಒಂದು ಸಲವಾದರೂ ಅದನ್ನು ಪೂರ್ತಿ ಹೇಳಿಲ್ಲ.

ನಾಲ್ಕು ತಿಂಗಳ ಹಿಂದೆ ನನಗೆ ಮುಟ್ಟಿನ ದಿನವಲ್ಲದ ದಿನ ರಕ್ತ ಕಂಡಿತು. ನಿಂತು ನಿಂತು ಹೀಗಾಗಿದೆ ಅಂದುಕೊಂಡೆ. ನಮ್ಮ ಕೆಲಸವೇ ನಿಂತು ಮಾಡುವಂಥದ್ದು: ಅಚ್ಚಿಗೆ ಪ್ಲಾಸ್ಟರ್ ಹೊಯ್ಯುವುದು, ಮೇಣದ ಒಸಡಿನಲ್ಲಿ ಹಲ್ಲು ಕೂರಿಸುವುದು, ಯಾರದೋ ನಗುವನ್ನು ಉಜ್ಜಿ ಉಜ್ಜಿ ಹೊಳಪಿಗೆ ತರುವುದು. ಮುಂದಿನ ತಿಂಗಳೂ ಹಾಗೇ ಆದಾಗ ಆಸ್ಪತ್ರೆಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ನಗುವಿನ ವಿಷಯದಲ್ಲಿ ಬಹಳ ಜಿಪುಣಿ. ಪರೀಕ್ಷೆ ಮಾಡಿದಳು. ಕೈ ತೊಳೆದು ಬಂದು ಎದುರಿಗೆ ಕೂತು, “ನೀವು ಹೊಟ್ಟೇಲಿದ್ದಾಗ ನಿಮ್ಮ ತಾಯಿ ಏನಾದ್ರೂ ಮಾತ್ರೆ ತಗೋತಿದ್ರಾ?” ಎಂದಳು.

“ನಾನಾಗ ಒಳಗಿದ್ದೆ ಡಾಕ್ಟ್ರೇ, ಹೊರಗಿನ ಸುದ್ದಿ ತಿಳೀತಿರಲಿಲ್ಲ” ಎಂದೆ.

ಅವಳು ಅದನ್ನು ಚೀಟಿಯಲ್ಲಿ ‘ಗೊತ್ತಿಲ್ಲ’ ಎಂದು ಬರೆದುಕೊಂಡಳು. ನನ್ನ ಅತ್ಯುತ್ತಮ ಮಾತುಗಳಿಗೆ ಇಂಥ ಗತಿಯೇ ಬರುವುದು.

ವಾರ ಬಿಟ್ಟು, ಹೊಟ್ಟೆಯೊಳಗಿನ ಚಿತ್ರಗಳನ್ನೆಲ್ಲ ತೆಗೆಸಿ, ಚೂರು ಮಾಂಸವನ್ನು ಪರೀಕ್ಷೆಗೆ ಕಳಿಸಿ ಆದ ಮೇಲೆ ಅವಳು ಕಾಗದದ ಮೇಲೆ ಎರಡು ಆಕಾರ ಬರೆದಳು. ಒಂದು ಬೋರಲು ಹಾಕಿದ ಹೂಜಿಯ ಹಾಗೆ. ಅದು ಸಾಮಾನ್ಯವಾಗಿ ಎಲ್ಲರ ಗರ್ಭಕೋಶದ ಒಳಗು. ಇನ್ನೊಂದು ಸುತ್ತಿಗೆಯ ಹಾಗೆ, ಅದು ನನ್ನದು. ಸುತ್ತಿಗೆಯ ಹಿಡಿ ಮುಗಿಯುವಲ್ಲಿ ಕಡಲೆಕಾಳಿನಷ್ಟು ಒಂದು ಗಂಟು. ಅದರ ಹೆಸರನ್ನು ಅವಳು ಸುತ್ತಿ ಬಳಸದೆ ಹೇಳಿದಳು, ನಾನೂ ಹಾಗೇ ಬರೆಯುತ್ತೇನೆ: ಕ್ಯಾನ್ಸರ್. ಇಂಥದ್ದು ನನ್ನ ಪ್ರಾಯದ ಹುಡುಗಿಯಲ್ಲಿ ಕಂಡರೆ ಮೊದಲು ಕೇಳಬೇಕಾದದ್ದೇ ತಾಯಿಯ ಮಾತ್ರೆಯ ಬಗ್ಗೆ ಅಂತೆ. ನಾನು ಹುಟ್ಟುವುದಕ್ಕೆ ಮುಂಚೆ ಬಸಿರು ನಿಲ್ಲದ ಹೆಂಗಸರಿಗೆ ಒಂದು ಕೃತಕ ಹಾರ್ಮೋನು ಕೊಡುತ್ತಿದ್ದರು. ಹೆಣ್ಣಿನ ದೇಹ ತಾನೇ ಮಾಡಿಕೊಳ್ಳುವುದನ್ನು ಕಾರ್ಖಾನೆಯಲ್ಲಿ ಮಾಡಿ ಮಾತ್ರೆಗೆ ತುಂಬಿದ್ದರು. ಅದು ತಾಯಿಯಲ್ಲಿ ನಿಲ್ಲದೆ ಮಗುವಿಗೂ ದಾಟಿತು. ಮಗುವಿನ ಅಂಗಗಳು ಆಗಷ್ಟೇ ರೂಪ ತಾಳುವ ವಾರಗಳವು. ಕೆಲವು ಹೆಣ್ಣುಮಕ್ಕಳಿಗೆ ಒಳಗಿನ ಆಕಾರ ಬದಲಾಯಿತು. ಕೆಲವರಿಗೆ ದೊಡ್ಡವರಾದ ಮೇಲೆ ಬಸಿರು ನಿಲ್ಲಲಿಲ್ಲ. ಸಾವಿರಕ್ಕೊಬ್ಬರಿಗೋ ಏನೋ ನನ್ನದು ಬಂತು. ತಲೆಮಾರುಗಳಿಂದ ಒಂದು ಲಕ್ಕಿ ಡ್ರಾದಲ್ಲೂ ಗೆಲ್ಲದ ನಮ್ಮ ವಂಶಕ್ಕೆ ಇದೊಂದು ದಾಖಲೆ.

ಡಾಕ್ಟರಮ್ಮ ಗಂಟನ್ನೂ ತೆಗೆದಳು, ಅದರ ಜೊತೆಗೆ ಸುತ್ತಿಗೆಯನ್ನೂ ತೆಗೆದಳು. ಗಂಟು ಬೇರೆಲ್ಲೂ ಹರಡಿಲ್ಲ ಎನ್ನುತ್ತಾಳೆ. ಮಕ್ಕಳಾಗುವುದಿಲ್ಲ. ಈ ವಾಕ್ಯ ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಒಂದೇ ಪದ. ಇರಲಿ, ಮುಂದಕ್ಕೆ ಹೋಗೋಣ.

ಅಮ್ಮನನ್ನು ಮಾತ್ರೆಯ ಬಗ್ಗೆ ಕೇಳಿದಾಗ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ದಿನಕ್ಕೆ ಎರಡು ನುಂಗುತ್ತಿದ್ದೆ, ಅಕ್ಕನೇ ಕೈಯಾರೆ ಕೊಡುತ್ತಿದ್ದಳು, ನಿನಗಿಂತ ಮುಂಚಿನ ಎರಡು ಹೋದ ಮೇಲೆ ನೀನೊಬ್ಬಳು ನಿಂತದ್ದು ಅದರಿಂದಲೇ ಎಂದು ಹೆಮ್ಮೆಯಿಂದ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ನನ್ನ ಮುಖ ನೋಡಿದಳು. ಮಡಚಿದ ದಿಂಬಿನ ಕವರನ್ನು ಬಿಚ್ಚಿ ಮತ್ತೆ ಮಡಚಿದಳು.

ನಿನ್ನ ಕಿಂಡಿಯ ಕಥೆಗಳನ್ನು ನಾನು ಹಾಲುಹಲ್ಲಿನ ಕಾಲದಿಂದ ಕೇಳಿದವಳು. ಆ ಪುಟ್ಟ ಹೆರಿಗೆ ಆಸ್ಪತ್ರೆಯ ಹಜಾರದ ಕೊನೆಯಲ್ಲಿ ಒಂದು ತೋಳು ತೂರುವಷ್ಟು ಅಗಲದ ಕಿಂಡಿ. ಒಳಗೆ ಸಾವಿರ ಸಾವಿರ ಮಾತ್ರೆಯ ತಗಡಿನ ಡಬ್ಬಿಗಳು. ನೀನು ಎತ್ತರದ ಸ್ಟೂಲಿನ ಮೇಲೆ ಕೂತು ಐದೈದಾಗಿ ಎಣಿಸಿ ಕಾಗದದ ಪೊಟ್ಟಣ ಕಟ್ಟುತ್ತಿದ್ದೆ. ಪೊಟ್ಟಣದ ಮೇಲೆ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ಬಸಿರು ನಿಲ್ಲದ ಹೆಂಗಸಿನ ಹೆಸರನ್ನು ಹತ್ತು ಜನರ ಎದುರು ಕೂಗಬಾರದು ಎಂಬುದು ನೀನೇ ಮಾಡಿ ನೀನೇ ಜಾರಿಗೆ ತಂದ ಕಾನೂನು. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಅಡ್ಡಹೆಸರು: ನೀಲಿ ಕೊಡೆ, ಉದ್ದ ಜಡೆ, ಬಿಕ್ಕಳಿಕೆ, ಬೇಕರಿ ಸೊಸೆ. ರಿಜಿಸ್ಟರಿನಲ್ಲೂ ಅದನ್ನೇ ಬರೆಯುತ್ತಿದ್ದೆಯಂತೆ. ಕಿಂಡಿಯಿಂದ “ನೀಲಿ ಕೊಡೆ” ಎಂದು ಕೂಗಿದರೆ ಕೊಡೆಯೇ ಇಲ್ಲದ ಒಬ್ಬಳು ಮುಸಿಮುಸಿ ನಗುತ್ತಾ ಎದ್ದು ಬರುತ್ತಿದ್ದಳಂತೆ. ಅಳುಮುಖದಲ್ಲಿ ಬಂದವರು ಹೋಗುವಾಗ ಸ್ವಲ್ಪ ನಕ್ಕು ಹೋಗುತ್ತಿದ್ದರಂತೆ. ಅಮ್ಮನ ಪೊಟ್ಟಣದ ಮೇಲೆ ಇದ್ದದ್ದು ‘ನಮ್ಮವಳು’.

ಈಗ ಆ ದಿನಕ್ಕೆ ಬರುತ್ತೇನೆ. ಬರಲೇಬೇಕು.

ಆಸ್ಪತ್ರೆಯಿಂದ ಬಂದ ಮೂರನೆಯ ದಿನ ನಾನು ಊಟದ ಮೇಜಿನ ಬಳಿ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದೆ. ನೀನೂ ಅಮ್ಮನೂ ಎದುರಿಗಿದ್ದಿರಿ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನಾನು ಹೇಳಿಯಾಗಿತ್ತು. ಯಾರೂ ಮಾತಾಡುತ್ತಿರಲಿಲ್ಲ, ಮಾತಿಲ್ಲದ ಮೇಜು ನನ್ನಿಂದ ಸಹಿಸಲಾಗುವುದಿಲ್ಲ. ಟವಲನ್ನು ನ್ಯಾಯಾಧೀಶರ ಟೋಪಿಯಂತೆ ತಲೆಗೆ ಹಾಕಿಕೊಂಡೆ. ಸೌಟಿನಿಂದ ಮೇಜು ಕುಟ್ಟಿದೆ. ಸನ್ಮಾನ್ಯ ನ್ಯಾಯಾಲಯವು ಈಗ ಕಲಾಪ ಆರಂಭಿಸುವುದೆಂದೂ, ಆರೋಪಿ ನಂಬರ್ ಒಂದು, ಮಾತ್ರೆ ಕಿಂಡಿಯ ದೊಡ್ಡಮ್ಮ, ಎದ್ದು ನಿಲ್ಲತಕ್ಕದ್ದೆಂದೂ ಘೋಷಿಸಿದೆ. ನೀನು ಲೋಟ ಎತ್ತಿ ನನ್ನ ಮೇಲೆ ನೀರು ಎರಚುತ್ತೀಯ ಎಂದುಕೊಂಡಿದ್ದೆ. ಪದ್ಧತಿಯ ಪ್ರಕಾರ ಹಾಗೇ ಆಗಬೇಕಿತ್ತು.

ನೀನು ಎದ್ದು ನಿಂತೆ. ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

“ಕಾಗದ ಬಂದಿತ್ತು ಕಣೇ” ಎಂದೆ ನೀನು. “ಬಸುರಿಯರಿಗೆ ಇನ್ನು ಕೊಡಬೇಡಿ ಅಂತ. ಬಂದ ದಿನಾನೇ ನಾನು ಓದಿದ್ದೆ.”

ಅದನ್ನು ಹಿರಿಯ ಡಾಕ್ಟರಿಗೆ ತೋರಿಸಿದೆಯಂತೆ. ಅವರು ಕನ್ನಡಕ ಕೂಡ ಹಾಕಿಕೊಳ್ಳದೆ ‘ಇರೋದನ್ನ ಮುಗಿಸಿ’ ಅಂದರಂತೆ. ಇದ್ದದ್ದು ಎರಡು ಡಬ್ಬಿ. ಅಮ್ಮನಿಗಾಗ ಎರಡು ತಿಂಗಳು. ನಿಲ್ಲಿಸಿದರೆ ಇದೂ ಹೋಗುತ್ತದೇನೋ ಎಂದು ನಿನಗೆ ಹೆದರಿಕೆಯಾಯಿತಂತೆ. ಅವಳಿಗೆ ಕೊಟ್ಟು ಬೇರೆಯವರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲವಂತೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿನ ತಳಕ್ಕೆ ಹಾಕಿದೆಯಂತೆ. ಇಷ್ಟು ಹೇಳಿ ನೀನು, ತಟ್ಟೆಯನ್ನು ತೊಳೆಯುವ ಜಾಗಕ್ಕೆ ಒಯ್ದು ಇಟ್ಟು, ಮೆಟ್ಟಿಲು ಹತ್ತಿ ಹೋದೆ. ಚಿಲಕದ ಸದ್ದು ಕೇಳಿತು. ಸೌಟು ನನ್ನ ಕೈಯಲ್ಲೇ ಇತ್ತು, ಟವಲು ತಲೆಯ ಮೇಲೇ ಇತ್ತು. ಅಮ್ಮ ಬಂದು ಟವಲು ತೆಗೆದಳು. “ಅವಳು ಕೊಟ್ಲು, ನಾನು ಕೇಳಿ ಕೇಳಿ ನುಂಗಿದೆ” ಎಂದಳು. ಅವತ್ತಿನಿಂದ ಅವಳೂ ಅದರ ಬಗ್ಗೆ ಮಾತಾಡಿಲ್ಲ. ತಟ್ಟೆ ಮಾತ್ರ ತಪ್ಪದೆ ಮೇಲಕ್ಕೆ ಬರುತ್ತಿದೆಯಲ್ಲ, ಅದೇ ಅವಳ ಮಾತು ಎಂದು ತಿಳಿದುಕೋ.

ಮೊನ್ನೆ ಮೊನ್ನೆ ಹೊಲಿಗೆ ತೋರಿಸಲು ಹೋದಾಗ ಡಾಕ್ಟರಮ್ಮ ಕೇಳಿದಳು, ಆ ಎರಡು ಡಬ್ಬಿಯ ಮಾತ್ರೆ ಇನ್ನು ಯಾರ್ಯಾರು ತಿಂದಿದ್ದಾರೆ, ಅವರ ಹೆಣ್ಣುಮಕ್ಕಳು ಎಲ್ಲಿದ್ದಾರೆ, ಅವರನ್ನೂ ಒಮ್ಮೆ ನೋಡಬೇಕಲ್ಲ ಎಂದು. ಆ ಹೆರಿಗೆ ಆಸ್ಪತ್ರೆ ಮುಚ್ಚಿ ಈಗ ಅಲ್ಲಿ ಸೋಫಾ ಮಾರುತ್ತಾರೆ, ರಿಜಿಸ್ಟರು ರದ್ದಿಗೆ ಹೋಗಿದೆ, ಇದ್ದರೂ ಅದರಲ್ಲಿ ನೀಲಿ ಕೊಡೆ, ಬಿಕ್ಕಳಿಕೆ ಎಂದೇ ಇರುತ್ತದೆ ಎಂದು ವಿವರಿಸಿದೆ. ನಾನು ತಮಾಷೆ ಮಾಡುತ್ತಿಲ್ಲ ಎಂದು ನಂಬಿಸುವುದಕ್ಕೇ ಕಾಲು ಗಂಟೆ ಹಿಡಿಯಿತು.

ಅಮ್ಮ ಆಗ ನಿನ್ನ ಕಿಂಡಿಯೊಳಗೇ ಬಂದು ಕೂರುತ್ತಿದ್ದಳಲ್ಲ, ಅವಳಿಗೆ ನಾಲ್ಕು ಅಡ್ಡಹೆಸರು ನೆನಪಿದೆ. ಅದರಲ್ಲಿ ಮೂರರಿಂದ ಏನೂ ಪ್ರಯೋಜನವಿಲ್ಲ. ಉದ್ದ ಜಡೆಯವಳನ್ನು ಇಪ್ಪತ್ತಮೂರು ವರ್ಷದ ಮೇಲೆ ಹುಡುಕುವುದು ಹೇಗೆ, ಅವಳು ಕೂದಲು ಕತ್ತರಿಸಿಕೊಂಡಿದ್ದರೆ? ಬೇಕರಿ ಸೊಸೆ ಮಾತ್ರ ಇದ್ದಲ್ಲೇ ಇದ್ದಾಳೆ. ಸೊಸೆಯಾಗಿದ್ದವಳು ಈಗ ಯಜಮಾನತಿ. ಹೋದ ಶನಿವಾರ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಡೆದು ಹೋದೆ.

ಇಲ್ಲಿ ಒಂದು ಹಳೆಯ ಅಪರಾಧವನ್ನು ಒಪ್ಪಿಕೊಳ್ಳಬೇಕು. ನಾನು ಕೆಲಸ ಕಲಿಯುತ್ತಿದ್ದ ವರ್ಷ ಅದೇ ಬೇಕರಿಯಲ್ಲಿ ಕೂತು, ಪ್ಲಾಸ್ಟರಿನ ದವಡೆ ಹಲ್ಲೊಂದನ್ನು ಬನ್ನಿನೊಳಗೆ ತೂರಿಸಿ, ಅತ್ಯಂತ ಗಾಂಭೀರ್ಯದಿಂದ ದೂರು ಕೊಟ್ಟಿದ್ದೆ. ಒಲೆ ಆರಿಸಿದರು. ಹಿಟ್ಟೆಲ್ಲ ಜರಡಿ ಹಿಡಿದರು. ಹಿಟ್ಟು ನಾದುವ ಮುದುಕ ಕನ್ನಡಿಯ ಮುಂದೆ ಬಾಯಿ ತೆರೆದು ತನ್ನ ಹಲ್ಲುಗಳನ್ನು ಮೂರು ಸಲ ಎಣಿಸಿಕೊಂಡ. ಸತ್ಯ ಗೊತ್ತಾದಾಗ ಆ ಹೆಂಗಸು ನನಗೆ ಹೊಡೆಯದೆ ಬಿಟ್ಟದ್ದು ನಾನು ‘ಕಿಂಡಿ ಮೇಡಮ್ಮನವರ’ ತಂಗಿಯ ಮಗಳು ಎಂಬ ಒಂದೇ ಕಾರಣಕ್ಕೆ. ಅದು ಯಾಕೆ ಅಷ್ಟು ದೊಡ್ಡ ಕಾರಣ ಎಂದು ಅವತ್ತು ನನಗೆ ತಿಳಿದಿರಲಿಲ್ಲ.

ಶನಿವಾರ ನನ್ನನ್ನು ಕಂಡದ್ದೇ, “ಹಲ್ಲಿನ ಹುಡುಗಿ ಬಂದ್ಲು, ಬನ್ನೆಲ್ಲ ಮುಚ್ಚಿಡ್ರೋ” ಎಂದಳು. ಆಮೇಲೆ ನಿನ್ನ ಆರೋಗ್ಯ ವಿಚಾರಿಸಿದಳು. ಅವಳ ಮಗಳು ಒಳಗಿನ ಮೇಜಿನಲ್ಲಿ ಬಗ್ಗಿ ಕೇಕಿನ ಮೇಲೆ ಕೆನೆಯಲ್ಲಿ ಯಾರದೋ ಹೆಸರು ಬರೆಯುತ್ತಿದ್ದಳು. ನನಗಿಂತ ಮೂರು ತಿಂಗಳಿಗೆ ಚಿಕ್ಕವಳಂತೆ. ತಾಯಿ ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿದಳು.

“ಇವಳಿಗೀಗ ನಾಲ್ಕು ತಿಂಗಳು ಕಣಮ್ಮ. ಹೋದ ಸಲ ಐದಕ್ಕೆ ಹೋಯ್ತು. ನಿಮ್ಮ ದೊಡ್ಡಮ್ಮ ನನಗೆ ಕೊಡ್ತಿದ್ರಲ್ಲ, ಆ ಒಳ್ಳೆ ಮಾತ್ರೆ, ಅದು ಈಗ್ಲೂ ಎಲ್ಲಾದ್ರೂ ಸಿಗುತ್ತಾ ಅಂತ ಕೇಳಿ ಹೇಳ್ತೀಯಾ?”

ನಾನು ಹೇಳಿದೆ ದೊಡ್ಡಮ್ಮ. ಹೂಜಿ, ಸುತ್ತಿಗೆ, ಗಂಟು, ಎಲ್ಲವನ್ನೂ ಒಂದೂ ಬಿಡದೆ, ಒಮ್ಮೆಯೂ ನಗದೆ ಹೇಳಿದೆ. ನನ್ನ ತೊಂದರೆ ನಿನಗೆ ಗೊತ್ತೇ ಇದೆ: ಇಷ್ಟು ಗಂಭೀರವಾದ ಮುಖವನ್ನು ನಾನು ಸುಳ್ಳು ಹೇಳುವಾಗ ಮಾತ್ರ ಹಾಕಿಕೊಳ್ಳುವುದು. ಅವಳಿಗೂ ಅದು ಗೊತ್ತು. ಮೊದಲು ನಕ್ಕಳು. ಆಮೇಲೆ ಮುಖ ಕೆಂಪಾಯಿತು. ಬಸುರಿಯ ಮುಂದೆ ಆಡುವ ಮಾತಾ ಇದು, ಇಂಥದ್ದರಲ್ಲೂ ನಿನಗೆ ತಮಾಷೆಯಾ ಎಂದಳು. ಡಾಕ್ಟರ ಚೀಟಿ ತೋರಿಸಿದೆ. ಅಂಥದ್ದನ್ನು ನೀನೇ ಅಚ್ಚು ಹಾಕಿಸಿರುತ್ತೀಯ ಎಂದಳು. ಬಾಗಿಲ ತನಕ ಬಂದು ನನ್ನನ್ನು ಹೊರಗೆ ಕಳಿಸುತ್ತಾ, “ಅವರೇ ಬಂದು ಹೇಳ್ಲಿ, ನಂಬ್ತೀನಿ” ಎಂದಳು. ಒಳಗಿನ ಮೇಜಿನಲ್ಲಿ ಮಗಳು ತಲೆ ಎತ್ತಿ ನೋಡುತ್ತಿದ್ದಳು. ಕೇಕಿನ ಮೇಲಿನ ಹೆಸರು ಅರ್ಧಕ್ಕೇ ನಿಂತಿತ್ತು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಅಂಥ ಹುಡುಗಿಯರಲ್ಲಿ ಗರ್ಭಕೋಶದ ಬಾಯಿ ಅವಧಿಗೆ ಬಹಳ ಮುಂಚೆ ತೆರೆದುಕೊಳ್ಳುವ ಭಯ ಇರುತ್ತದೆ ಎಂದು ಡಾಕ್ಟರಮ್ಮ ಹೇಳಿದಳು. ಈಗಿನಿಂದಲೇ ವಾರವಾರ ನೋಡುತ್ತಿದ್ದರೆ, ಬೇಕಾದರೆ ಅಲ್ಲೊಂದು ಹೊಲಿಗೆ ಹಾಕಿ ಉಳಿಸಿಕೊಳ್ಳಲು ಆಗಬಹುದು. ಆಗೇ ಆಗುತ್ತದೆ ಎಂದು ಅವಳು ಹೇಳಲಿಲ್ಲ. ಐದು ತುಂಬುವ ತನಕ ಕಾಯಬೇಡಿ ಎಂದಳು. ಗುರುವಾರ ಹತ್ತೂವರೆಗೆ ಸಮಯ ಇಟ್ಟಿದ್ದಾಳೆ. ಅವಳು ಆ ಹುಡುಗಿಯ ಹೆಸರು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಬೇಕರಿಯ ಮಗಳು ಎಂದು ಬರೆಸಿ ಬಂದೆ.

ಅವತ್ತೇ ಅವಳು ಇನ್ನೊಂದು ವಿಷಯ ಹೇಳಿದಳು. ಅದನ್ನು ನಿನಗೆ ಹೇಳಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಆ ಮಾತ್ರೆ ಬಸಿರನ್ನು ನಿಲ್ಲಿಸುತ್ತಲೇ ಇರಲಿಲ್ಲವಂತೆ. ಅದನ್ನು ತಿಂದವರು, ತಿನ್ನದವರು ಎಂದು ಬೇರೆ ಬೇರೆ ಮಾಡಿ ನೋಡಿದ್ದಾರೆ. ಏನೂ ವ್ಯತ್ಯಾಸ ಇರಲಿಲ್ಲ. ಅಂದರೆ ನೀನು ನನ್ನನ್ನು ಉಳಿಸಲಿಲ್ಲ, ಅಮ್ಮನ ಹೊಟ್ಟೆಯಲ್ಲಿ ನಾನೇ ಗಟ್ಟಿಯಾಗಿ ಕೂತಿದ್ದೆ. ಇದು ನಿನಗೆ ಸಮಾಧಾನವೋ ಸಂಕಟವೋ ನನಗೆ ಗೊತ್ತಿಲ್ಲ. ನನಗೂ ಯಾವುದೆಂದು ತೀರ್ಮಾನವಾಗಿಲ್ಲ.

ಸಿಟ್ಟಿದೆಯೇ ಎಂದು ನೀನು ಕೇಳಿಲ್ಲ. ಇದೆ. ಬೆಳಿಗ್ಗೆ ಮುಖ ತೊಳೆಯುವಾಗ ಬರುತ್ತದೆ, ತಿಂಡಿ ತಿನ್ನುವಷ್ಟರಲ್ಲಿ ಹೋಗುತ್ತದೆ, ಯಾರಾದರೂ ಮಗುವನ್ನು ಎತ್ತಿಕೊಂಡು ಬಂದರೆ ಮತ್ತೆ ಬರುತ್ತದೆ. ಮಾತ್ರೆ ಮಾಡಿದವರ ಮೇಲೆ, ಕನ್ನಡಕ ಹಾಕಿಕೊಳ್ಳದ ಆ ಡಾಕ್ಟರ ಮೇಲೆ, ನಿನ್ನ ಮೇಲೆ. ಇದರಲ್ಲಿ ನಿನ್ನ ಪಾಲು ಎಷ್ಟೆಂದು ವಿಚಾರ ಮಾಡಲು ಕೂತಾಗಲೆಲ್ಲ ಅಡ್ಡ ನೆನಪುಗಳು ಬರುತ್ತವೆ. ನನಗೆ ಜ್ವರ ಬಂದು ಹದಿನೈದು ದಿನ ಮಲಗಿದ್ದಾಗ, ಮನೆಯಲ್ಲಿದ್ದ ಕಥೆಯೆಲ್ಲ ಮುಗಿದ ಮೇಲೆ, ನೀನು ಔಷಧಿ ಡಬ್ಬಿಗಳೊಳಗಿನ ಚೀಟಿಗಳನ್ನು ನಾಟಕದ ರಾಜನ ದನಿಯಲ್ಲಿ ಓದಿ ಹೇಳಿದ್ದೆ. ‘ತಂಪಾದ ಸ್ಥಳದಲ್ಲಿ ಇಡತಕ್ಕದ್ದು’ ಎಂದು ನೀನು ಗರ್ಜಿಸಿದಾಗ ನನಗೆ ನಕ್ಕು ನಕ್ಕು ಕೆಮ್ಮು ಬಂದಿತ್ತು. ಒಂದು ಚೀಟಿಯನ್ನೂ ಓದದೆ ಬಿಡುತ್ತಿರಲಿಲ್ಲ ನೀನು. ಆ ನೆನಪನ್ನು ಈಗ ಯಾವ ಕಡೆಗೆ ಇಡಬೇಕು ಎಂಬುದು ನನಗೆ ತಿಳಿಯುತ್ತಿಲ್ಲ. ಆದ್ದರಿಂದ ಸಿಟ್ಟನ್ನು ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ. ನಮ್ಮಿಬ್ಬರ ವಿಷಯಕ್ಕೆ ಅವಸರ ಏನಿಲ್ಲ.

ಗುರುವಾರ ನೀನು ಹೇಳಬೇಕಾದದ್ದು ಇಷ್ಟೇ: ಆ ಮಾತ್ರೆ ಒಳ್ಳೆಯದಲ್ಲ, ಮಗಳನ್ನು ಈಗಲೇ ಡಾಕ್ಟರಿಗೆ ತೋರಿಸು. ಕಾಗದದ ವಿಷಯ ಹೇಳುವುದು, ಬಿಡುವುದು ನಿನಗೆ ಸೇರಿದ್ದು. ಅವಳು ಬಯ್ಯಬಹುದು, ಎಲ್ಲರ ಎದುರೇ ಬಯ್ಯಬಹುದು. ನಿನ್ನ ಹೆಸರು ಹೇಳಿದರೆ ಮುಖ ಅರಳುವ ಹೆಂಗಸು ಬಹುಶಃ ಅವಳೊಬ್ಬಳೇ ಉಳಿದಿರುವುದು, ಅವಳನ್ನೂ ಕಳೆದುಕೊಳ್ಳುತ್ತೀಯ. ಅದೇನು ಮಹಾ ಎಂದು ನಾನು ಹೇಳುವುದಿಲ್ಲ. ಆಮೇಲೆ ಮೆಲ್ಲಗೆ ಉಳಿದವರನ್ನು ಹುಡುಕೋಣ. ನೀಲಿ ಕೊಡೆ ಯಾವ ಬೀದಿಯವಳು, ಬಿಕ್ಕಳಿಕೆಯ ಗಂಡ ಏನು ಕೆಲಸ ಮಾಡುತ್ತಿದ್ದ, ಇದೆಲ್ಲ ನಿನ್ನ ತಲೆಯೊಂದರಲ್ಲೇ ಇದೆ, ನಿನ್ನ ತಲೆ ಬಾಗಿಲ ಆ ಕಡೆ ಇದೆ.

ನೀನು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ. ಅವಳು ಮತ್ತೆ ನಗುತ್ತಾಳೆ. ಆಗ ನಾನು ಕೌಂಟರಿನ ಮುಂದೆ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತೇನೆ. ಹೊಕ್ಕುಳಿನ ಕೆಳಗಿನಿಂದ ನೆಟ್ಟಗೆ ಇಳಿದ ಗಾಯ, ಇನ್ನೂ ಕೆಂಪಗಿದೆ. ಅಂಥದ್ದನ್ನು ಪ್ಲಾಸ್ಟರಿನಲ್ಲೂ ಮೇಣದಲ್ಲೂ ಮಾಡಲಾಗುವುದಿಲ್ಲ, ಮುಟ್ಟಿ ನೋಡಿದರೆ ಅವಳಿಗೆ ಗೊತ್ತಾಗುತ್ತದೆ. ಆ ಹೊತ್ತಿಗೆ ಅಲ್ಲಿ ಬ್ರೆಡ್ಡಿಗೆ ಸಾಲು ನಿಂತಿರುತ್ತದೆ. ಗುರುತಿನವರಿರುತ್ತಾರೆ, ಗಂಡಸರಿರುತ್ತಾರೆ. ನನಗೆ ನಾಚಿಕೆಯಾಗುತ್ತದೆ ದೊಡ್ಡಮ್ಮ. ನನಗೆ ನಾಚಿಕೆ ಎಂಬುದೇ ಇಲ್ಲ ಎಂದು ನೀವೆಲ್ಲ ಅಂದುಕೊಂಡಿದ್ದೀರಿ, ಇದೆ. ಆದರೂ ಎತ್ತುತ್ತೇನೆ.

ಪತ್ರದ ಕೊನೆಯಲ್ಲಿ ಚಿಕ್ಕವರು ಆಶೀರ್ವಾದ ಬೇಡಬೇಕು. ಈ ಸಲ ನಾನೇ ಕೊಡುತ್ತಿದ್ದೇನೆ, ಬೇಡ ಅನ್ನಬೇಡ. ಗುರುವಾರ ಒಂದು ದಿನ ನಿನ್ನ ಮೊಣಕಾಲು ನೋಯದಿರಲಿ. ಬೇಕರಿಯ ಹುಡುಗಿಗೆ ಒಂಬತ್ತೂ ತುಂಬಲಿ.

ಇಂತು,
ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಚಪ್ಪಲಿ ಮೆಟ್ಟಿ ಕೆಳಗೆ ನಿಂತಿರುವ
ನಿನ್ನ ತರಲೆ